ಐದು ಮಕ್ಕಳು, ಏಳು ಲಕ್ಷ, ಏಳು ತಿಂಗಳು: ಸಿಂಗಪುರದ ದಾರಿ ಎಲ್ಲಿಂದ ಶುರು?

ಓದುಗರ ಪ್ರಶ್ನೆ

ಸರ್, ನಮಸ್ಕಾರ. ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಒಂಬತ್ತನೇ ತರಗತಿಯ ಐದು ಮಕ್ಕಳು, ಮೂರು ಹುಡುಗಿಯರು ಮತ್ತು ಇಬ್ಬರು ಹುಡುಗರು, ಬೋರ್‌ವೆಲ್ ನೀರಿನ ಫ್ಲೋರೈಡ್ ಕಡಿಮೆ ಮಾಡುವ ಫಿಲ್ಟರ್ ಮಾದರಿ ಮಾಡಿದ್ದಾರೆ. ಮುಂದಿನ ಮೇ ತಿಂಗಳಲ್ಲಿ ಸಿಂಗಪುರದಲ್ಲಿ ನಡೆಯುವ ವಿದ್ಯಾರ್ಥಿಗಳ ವಿಜ್ಞಾನ ಮೇಳಕ್ಕೆ ಆಯ್ಕೆಯಾಗಿದ್ದೀರಿ ಅಂತ ಇಮೇಲ್ ಬಂದಿದೆ. ಒಬ್ಬ ವಿದ್ಯಾರ್ಥಿಗೆ 350 ಅಮೆರಿಕನ್ ಡಾಲರ್ ಪ್ರವೇಶ ಶುಲ್ಕ. ಮಕ್ಕಳ ಜೊತೆ ನಾನು ಮತ್ತು ಇನ್ನೊಬ್ಬ ಶಿಕ್ಷಕರು, ಒಟ್ಟು ಏಳು ಜನ. ಟ್ರಾವೆಲ್ ಏಜೆಂಟ್ ಒಬ್ಬರಿಗೆ 78,000 ರೂಪಾಯಿ ಹೇಳಿದ್ದಾರೆ. ಎಲ್ಲ ಸೇರಿ ಏಳು ಲಕ್ಷದ ಹತ್ತಿರ ಆಗುತ್ತದೆ. ನನ್ನ ಫೋನ್‌ಪೇ ನಂಬರ್ ಹಾಕಿ ದೇಣಿಗೆ ಕೇಳೋಣ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಒಬ್ಬರು ಬೈಕ್ ಇಟ್ಟು ಲಕ್ಕಿ ಡ್ರಾ ಮಾಡೋಣ ಅಂತಾರೆ. ಅಮೆರಿಕದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿ ಒಂದು ಲಕ್ಷ ಕೊಡಲು ತಯಾರಿದ್ದಾರೆ. ಕಾರ್ಖಾನೆಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಸಿಗಬಹುದಾ? ಯಾವ ಮಗುವಿನ ಮನೆಯಲ್ಲೂ ಪಾಸ್‌ಪೋರ್ಟ್ ಇಲ್ಲ. ಅಪ್ಪ-ಅಮ್ಮನಿಗೆ ಇಲ್ಲದಿದ್ದರೆ ಮಕ್ಕಳಿಗೂ ಸಿಗಲ್ಲ ಅಂತಾರೆ, ನಿಜವಾ? ಒಬ್ಬ ಹುಡುಗಿಯ ತಾಯಿ, "ವಿಮಾನದಾಗ ಕಳಸ್ತೀನಿ ಅಂತೀರಿ, ನನ್ನ ಮಗಳು ಹೊಳ್ಳಿ ಬರತಾಳೇನ್ರೀ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ

ಮೇಡಂ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಭಯ ಮಾತ್ರ ಒಂದೇ. ಹಣ ಕೂಡಲಿಲ್ಲ ಅಂದರೆ ಮಕ್ಕಳಿಗೆ ಏನು ಹೇಳಲಿ, ಕೂಡಿದರೆ ಊರಿಗೆ ಏನು ಲೆಕ್ಕ ಕೊಡಲಿ, ಅಲ್ವಾ? ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕೆಲಸ ಮಾಡಿದ್ದೇನೆ. ನಾಲ್ಕು ಸಲ ಮಕ್ಕಳನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಿದ್ದೇನೆ. ನಿವೃತ್ತಿಯಾದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಶಾಲೆಗಳಿಗೆ ಇಂಥ ಪ್ರವಾಸದ ಕಾಗದಪತ್ರ, ಲೆಕ್ಕ ನೋಡಿಕೊಡುತ್ತಿದ್ದೇನೆ. ನಾನು ನೋಡಿದ ಮಟ್ಟಿಗೆ ಇಂಥ ಪ್ರವಾಸ ಹಣ ಸಾಲದೆ ನಿಂತದ್ದು ಕಡಿಮೆ. ಕಾಗದ ಸರಿ ಇಲ್ಲದೆ ನಿಂತದ್ದು, ಹಣ ತಪ್ಪು ಕೈಗೆ ಹೋಗಿ ಮನಸ್ಸು ಮುರಿದದ್ದು ಜಾಸ್ತಿ. ಅದಕ್ಕೇ ದೇಣಿಗೆ ಡಬ್ಬಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ಮೊದಲು ಆ ಇಮೇಲ್. "ಅಭಿನಂದನೆ, ನೀವು ಆಯ್ಕೆಯಾಗಿದ್ದೀರಿ, ಇಷ್ಟು ದಿನದೊಳಗೆ ಶುಲ್ಕ ಕಟ್ಟಿ" ಅನ್ನುವ ಪತ್ರಗಳು ಶಾಲೆಗಳಿಗೆ ಈಗ ಬಹಳ ಬರುತ್ತಿವೆ. ಎಲ್ಲವೂ ಮೋಸ ಅಂತ ನಾನು ಹೇಳಲ್ಲ. ಕೆಲವು ನಿಜವಾದ ಸ್ಪರ್ಧೆ. ಕೆಲವು ಹಣ ಕಟ್ಟಿದ ಯಾರೇ ಬಂದರೂ ಜಾಗ ಕೊಡುವ ಮೇಳ. ಕೆಲವಂತೂ ಬರೀ ಹೆಸರು. ಇದು ಯಾವುದು ಅಂತ ತಿಳಿಯಲು ಅವರನ್ನೇ ಕೇಳಿ. ನಮ್ಮ ಮಾದರಿಯನ್ನು ಯಾರು ನೋಡಿ ಆರಿಸಿದರು? ಎಷ್ಟು ಅರ್ಜಿ ಬಂದಿದ್ದವು? ಮೇಳ ನಡೆಯುವ ಕಟ್ಟಡ ಯಾವುದು, ಆ ದಿನಗಳಿಗೆ ಅದನ್ನು ಗೊತ್ತು ಮಾಡಿದ್ದಾರಾ? ಹಿಂದಿನ ವರ್ಷ ಭಾರತದಿಂದ ಹೋಗಿದ್ದ ಎರಡು ಶಾಲೆಗಳ ಹೆಸರು ಕೊಡುತ್ತೀರಾ? ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಬರುತ್ತದಾ? ಆ ಎರಡು ಶಾಲೆಗಳ ಮುಖ್ಯೋಪಾಧ್ಯಾಯರಿಗೆ ನೀವೇ ಫೋನ್ ಮಾಡಿ. ಹತ್ತು ನಿಮಿಷದ ಮಾತಿನಲ್ಲಿ ವಿಷಯ ಗೊತ್ತಾಗುತ್ತದೆ. ಶುಲ್ಕವನ್ನು ಯಾರದೋ ವೈಯಕ್ತಿಕ ಖಾತೆಗೆ ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ.

ಐದು ಮಕ್ಕಳ ಶುಲ್ಕವೇ 1,750 ಡಾಲರ್, ಅಂದರೆ ಒಂದೂವರೆ ಲಕ್ಷದ ಆಸುಪಾಸು. ನಿಮ್ಮ ಏಳು ಲಕ್ಷದಲ್ಲಿ ಅದು ಸಣ್ಣ ಪಾಲಲ್ಲ. ಹೋಲಿಸಿ ನೋಡಲು ಒಂದು ಉದಾಹರಣೆ ಕೊಡುತ್ತೇನೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿನಿಂದ ಹಣ ಕೇಳುವುದಿಲ್ಲ. ಮಾದರಿ ಮಾಡಲು ಮಗುವಿನ ಖಾತೆಗೇ 10,000 ರೂಪಾಯಿ ಹಾಕುತ್ತಾರೆ. ಅಲ್ಲಿ ರಾಷ್ಟ್ರಮಟ್ಟದಲ್ಲಿ ಗೆದ್ದ ಮಕ್ಕಳು ಜಪಾನಿನ ಸಕುರಾ ವಿಜ್ಞಾನ ಕಾರ್ಯಕ್ರಮಕ್ಕೆ ಹೋಗಿ ಬಂದಿದ್ದಾರೆ, ಅವರ ಖರ್ಚನ್ನು ಮಕ್ಕಳ ಮನೆಯವರು ಹೊತ್ತಿಲ್ಲ. ಸಿಂಗಪುರದ್ದು ಹಣ ಕಟ್ಟಿ ಹೋಗುವ ಮೇಳ ಅಂತ ಗೊತ್ತಾದರೂ ಹೋಗಬಾರದು ಅಂತಿಲ್ಲ. ಬೇರೆ ದೇಶದ ಮಕ್ಕಳ ಮುಂದೆ ನಿಂತು ತಮ್ಮ ಊರಿನ ನೀರಿನ ಬಗ್ಗೆ ಮಾತಾಡುವುದು ದೊಡ್ಡ ಅನುಭವವೇ. ಆದರೆ ಊರಿನ ಫ್ಲೆಕ್ಸ್ ಮೇಲೆ "ಅಂತರರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆ" ಅಂತ ಬರೆಸಬೇಡಿ. "ಮೇಳದಲ್ಲಿ ಭಾಗವಹಿಸಲಿದ್ದಾರೆ" ಅಂತ ಇದ್ದದ್ದನ್ನು ಇದ್ದಂತೆ ಬರೆಸಿ. ದೇಣಿಗೆ ಕೊಡುವವರಿಗೆ ಅದು ಗೊತ್ತಿರಬೇಕು.

ಇನ್ನು ಪಾಸ್‌ಪೋರ್ಟ್. ಅಪ್ಪ-ಅಮ್ಮನಿಗೆ ಇಲ್ಲದಿದ್ದರೆ ಮಕ್ಕಳಿಗೆ ಸಿಗಲ್ಲ ಅನ್ನುವುದು ತಪ್ಪು. ಸಿಗುತ್ತದೆ. ಪೋಷಕರಿಗೆ ಪಾಸ್‌ಪೋರ್ಟ್ ಇದ್ದರೆ ಪೊಲೀಸ್ ಪರಿಶೀಲನೆ ತಪ್ಪಬಹುದು, ಇಲ್ಲದಿದ್ದರೆ ಅದು ನಡೆಯುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಅಷ್ಟೇ ವ್ಯತ್ಯಾಸ. ಎಸ್ಸೆಸ್ಸೆಲ್ಸಿ ಆಗದವರ ಪಾಸ್‌ಪೋರ್ಟಿಗೆ ಬೇರೆ ಮುದ್ರೆ ಬೀಳುತ್ತದೆ ಅಂತಲೂ ಯಾರೋ ಹೆದರಿಸಬಹುದು. ಆ ವಲಸೆ ತಪಾಸಣೆಯ ಮುದ್ರೆ ಕೆಲವು ದೇಶಗಳಿಗೆ ಕೂಲಿ-ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ್ದು. 18 ವರ್ಷದೊಳಗಿನ ಮಕ್ಕಳಿಗೆ ಅದು ಬೀಳುವುದಿಲ್ಲ. ಶುಲ್ಕವೂ ಜಾಸ್ತಿ ಇಲ್ಲ: ಮಕ್ಕಳ ಸಾಮಾನ್ಯ ಅರ್ಜಿಗೆ 1,000, ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ. ನಿಮ್ಮಿಬ್ಬರಿಗೂ ಹೊಸದಾಗಿ ಮಾಡಿಸಿದರೂ ಏಳು ಜನಕ್ಕೆ 8,000. ತಲೆಗೆ ಐದು ಸಾವಿರ ಕೇಳುವ ಏಜೆಂಟ್ ಬೇಡ. ಹುಬ್ಬಳ್ಳಿ, ಕಲಬುರಗಿಯ ಸೇವಾ ಕೇಂದ್ರಗಳಿಗೋ ಅಂಚೆ ಕಚೇರಿಯೊಳಗೆ ನಡೆಯುವ ಕೇಂದ್ರಕ್ಕೋ, ದಿನಾಂಕ ಬೇಗ ಸಿಗುವ ಕಡೆಗೆ, ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಕಷ್ಟ ಬರುವುದು ಹೆಸರು ಮತ್ತು ಹುಟ್ಟಿದ ತಾರೀಖಿನಲ್ಲಿ. ನಮ್ಮ ಕಡೆ ಶಾಲೆಯ ದಾಖಲಾತಿ ಪುಸ್ತಕ ತೆಗೆದರೆ ಜೂನ್ 1ಕ್ಕೆ ಹುಟ್ಟಿದ ಮಕ್ಕಳೇ ಸಾಲಾಗಿ ಸಿಗುತ್ತಾರೆ. ಒಂದನೇ ತರಗತಿಗೆ ಸೇರಿಸುವಾಗ ಯಾರೋ ಮೇಷ್ಟ್ರು ಅಂದಾಜಿಗೆ ಬರೆದದ್ದು. ಜನನ ಪ್ರಮಾಣಪತ್ರದಲ್ಲಿ ಬೇರೆ ತಾರೀಖು, ಆಧಾರ್‌ನಲ್ಲಿ ಮತ್ತೊಂದು. ಹೆಸರಿನ ಕಥೆಯೂ ಅದೇ. ಶಾಲೆಯಲ್ಲಿ ಹುಲಿಗೆಮ್ಮ, ಆಧಾರ್‌ನಲ್ಲಿ ಹುಲಿಗೆವ್ವ, ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವೇ ಖಾಲಿ. ಕನ್ನಡದಲ್ಲಿ ಓದುವಾಗ ನಮಗೆ ಅದು ಒಂದೇ ಹುಡುಗಿ. ಇಂಗ್ಲಿಷ್ ಅಕ್ಷರ ಹೋಲಿಸುವ ಕಂಪ್ಯೂಟರ್‌ಗೆ ಇಬ್ಬರು ಹುಡುಗಿಯರು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಎರಡನೇ ಸಲ ಗುಂಪು ಕರೆದುಕೊಂಡು ಹೋದಾಗ ಆರು ಮಕ್ಕಳಿದ್ದರು. ಆ ಮಾದರಿಯನ್ನು ಯೋಚಿಸಿದ್ದೇ ಒಬ್ಬ ಹುಡುಗಿ. ಅವಳ ತಂದೆಯ ಹೆಸರು ಮೂರು ಕಾಗದದಲ್ಲಿ ಮೂರು ಥರ ಇತ್ತು. ನಾವು ಹಣದ ಹಿಂದೆ ಓಡಾಡುತ್ತಾ ಅದನ್ನು ಕೊನೆಯ ಎರಡು ತಿಂಗಳಲ್ಲಿ ನೋಡಿದೆವು. ತಿದ್ದುಪಡಿ ಆಗುವಷ್ಟರಲ್ಲಿ ದಿನ ಮುಗಿದಿತ್ತು. ಹೊರಡುವ ರಾತ್ರಿ ಅವಳು ಬಸ್‌ಸ್ಟ್ಯಾಂಡಿಗೆ ಬಂದಳು. ಮಾದರಿಯ ಪೆಟ್ಟಿಗೆ ಬಿಚ್ಚಿ, ಪೈಪಿನ ಯಾವ ತುದಿ ಮೇಲೆ ಬರಬೇಕು, ಯಾವ ನಟ್ಟನ್ನು ಜಾಸ್ತಿ ಬಿಗಿ ಮಾಡಬಾರದು ಅಂತ ಉಳಿದ ಐವರಿಗೆ ತೋರಿಸಿದಳು. ಆಮೇಲೆ ಪೆಟ್ಟಿಗೆಗೆ ಹಗ್ಗ ಕಟ್ಟಿ ಕೊಟ್ಟು ಅಪ್ಪನ ಬೈಕ್ ಹತ್ತಿ ಹೋದಳು. ತಪ್ಪು ಅವಳದಲ್ಲ, ನನ್ನದು. ನಿಮ್ಮ ಐದು ಮಕ್ಕಳಲ್ಲಿ ಒಬ್ಬರಿಗೂ ಹಾಗಾಗಬಾರದು.

ತಿದ್ದುವಾಗಲೂ ಅವಸರ ಬೇಡ. ಆಧಾರ್‌ನಲ್ಲಿ ಹೆಸರು ಎರಡು ಸಲ, ಹುಟ್ಟಿದ ತಾರೀಖು ಒಂದೇ ಸಲ ಬದಲಿಸಲು ಅವಕಾಶ. ಸೈಬರ್ ಸೆಂಟರ್‌ನವರ ಮಾತು ಕೇಳಿ ತಪ್ಪು ತಾರೀಖು ಹಾಕಿಸಿದರೆ ಮುಂದೆ ಬಹಳ ಕಷ್ಟ. ಮೊದಲು ಜನನ ಪ್ರಮಾಣಪತ್ರ ಸರಿ ಇದೆಯಾ ನೋಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಹುಟ್ಟನ್ನು ನೋಂದಾಯಿಸದೇ ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಶಾಲೆಯ ದಾಖಲೆ ಸರಿಪಡಿಸಲು ಒಂಬತ್ತನೇ ತರಗತಿ ಒಳ್ಳೆಯ ಸಮಯ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಅದು ಇನ್ನೂ ಕಠಿಣ. ಪ್ರವಾಸ ಆಗಲಿ ಬಿಡಲಿ, ಈ ಕೆಲಸ ಆ ಮಕ್ಕಳಿಗೆ ಬದುಕಿಡೀ ಉಪಯೋಗಕ್ಕೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಬರುವಂತೆ ಬಿಡಬೇಡಿ. ಅಡ್ಡಹೆಸರೋ ತಂದೆಯ ಹೆಸರೋ ಜೊತೆಗಿರಲಿ. ಒಂಟಿ ಹೆಸರಿನವರಿಗೆ ಕೆಲವು ದೇಶಗಳು ಪ್ರವಾಸಿ ವೀಸಾ ಕೊಡಲು ತಕರಾರು ಮಾಡುತ್ತವೆ.

ಇನ್ನೊಂದು ವಿಷಯ ಗುಳೆ. ಮಕ್ಕಳ ಪಾಸ್‌ಪೋರ್ಟಿಗೆ ತಂದೆ-ತಾಯಿ ಇಬ್ಬರ ಸಹಿಯ ಒಪ್ಪಿಗೆ ಪತ್ರ ಬೇಕು. ನಿಮ್ಮ ತಾಲೂಕಿನಲ್ಲಿ ಸುಗ್ಗಿ ಮುಗಿದ ಮೇಲೆ ಅಪ್ಪ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿರುತ್ತಾನೆ. ಅಜ್ಜಿ ಹತ್ತಿರ ಇರುವ ಮಕ್ಕಳೂ ಇರಬಹುದು. ಒಬ್ಬರೇ ಪೋಷಕರು ಸಹಿ ಮಾಡುವ ನಮೂನೆಯೂ ಇದೆ. ಆದರೆ ಇನ್ನೊಬ್ಬರ ಸಹಿ ಯಾಕಿಲ್ಲ ಅಂತ ಅದರಲ್ಲಿ ಹೇಳಬೇಕು. ಹಬ್ಬಕ್ಕೆ ಊರಿಗೆ ಬಂದಾಗಲೇ ಸಹಿ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ನಿಮ್ಮ ವಿಷಯವನ್ನೂ ಮರೆಯಬೇಡಿ. ಸರ್ಕಾರಿ ನೌಕರರಾದ ನೀವಿಬ್ಬರೂ ಪಾಸ್‌ಪೋರ್ಟ್ ಅರ್ಜಿ ಹಾಕುವಾಗ ಇಲಾಖೆಗೆ ತಿಳಿಸಬೇಕು. ಹೊರದೇಶಕ್ಕೆ ಹೋಗಲು ಅನುಮತಿ ಬೇರೆಯೇ ಬೇಕು. ಮಕ್ಕಳನ್ನು ಕರೆದೊಯ್ಯಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಕಚೇರಿಯ ಲಿಖಿತ ಆದೇಶ ಇರಲಿ. ಬಾಯಿಮಾತಿನ ಒಪ್ಪಿಗೆ ಸಾಲದು. ಕಡತ ಮೇಜಿನಿಂದ ಮೇಜಿಗೆ ಹೋಗಲು ತಿಂಗಳುಗಳೇ ಬೇಕಾಗಬಹುದು, ಈಗಲೇ ಕೊಡಿ.

ಈಗ ಹಣದ ಮಾತು. ನಿಮ್ಮ ಫೋನ್‌ಪೇ ನಂಬರ್ ಖಂಡಿತ ಬೇಡ. ಇಲ್ಲಿ ನಿಮ್ಮ ಪ್ರಾಮಾಣಿಕತೆಯ ಪ್ರಶ್ನೆಯೇ ಬರುವುದಿಲ್ಲ. ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರರು ಮೊದಲೇ ಅನುಮತಿ ಇಲ್ಲದೆ ಯಾವುದೇ ಕೆಲಸಕ್ಕೆ ದೇಣಿಗೆ ಎತ್ತುವಂತಿಲ್ಲ. ನಾಳೆ ಒಬ್ಬರು ದೂರು ಅರ್ಜಿ ಹಾಕಿದರೆ, ನೀವು ಒಂದು ರೂಪಾಯಿ ಮುಟ್ಟದಿದ್ದರೂ ಉತ್ತರ ಕೊಡಬೇಕಾದವರು ನೀವೇ. ಇನ್ನೊಂದು, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ನಿಮ್ಮ ಖಾತೆಗೆ ಬಂದರೆ ಆದಾಯ ತೆರಿಗೆಯವರ ಕಣ್ಣಿಗೆ ಅದು ನಿಮ್ಮ ಆದಾಯ. ಮಕ್ಕಳ ಹಣಕ್ಕೆ ನೀವು ತೆರಿಗೆ ಕಟ್ಟುವ ಸ್ಥಿತಿ ಬರುತ್ತದೆ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆಯಲ್ಲ, ಅದರ ಸಭೆ ಕರೆಯಿರಿ. ಪ್ರವಾಸದ ಉದ್ದೇಶ, ಅಂದಾಜು ಖರ್ಚು, ಹಣ ಯಾವ ಖಾತೆಗೆ, ಚೆಕ್ಕಿಗೆ ಯಾರ ಯಾರ ಸಹಿ, ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ. ಆ ನಡಾವಳಿಯ ಪ್ರತಿ ಇಟ್ಟು ಇಲಾಖೆಗೆ ದೇಣಿಗೆ ಸಂಗ್ರಹದ ಅನುಮತಿ ಕೇಳಿ. ಹಣ ಶಾಲೆಯ ಖಾತೆಗೇ ಬರಲಿ. ಕ್ಯೂಆರ್ ಕೋಡ್ ಬೇಕಾದರೆ ಬ್ಯಾಂಕಿನವರು ಆ ಖಾತೆಗೇ ಮಾಡಿಕೊಡುತ್ತಾರೆ. ನಗದು ಕೊಟ್ಟವರಿಗೆ ಕ್ರಮಸಂಖ್ಯೆ ಇರುವ ರಸೀದಿ ಕೊಡಿ, ಹತ್ತು ರೂಪಾಯಿ ಇದ್ದರೂ. ರಸೀದಿಯ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ: "ಪ್ರವಾಸ ನಡೆಯದಿದ್ದರೆ 1,000 ರೂಪಾಯಿ ಮೇಲಿನ ದೇಣಿಗೆ ವಾಪಸ್, ಉಳಿದದ್ದು ಶಾಲೆಯ ಪ್ರಯೋಗಾಲಯಕ್ಕೆ." ಮೊತ್ತ ನಿಮ್ಮ ಸಭೆ ನಿರ್ಧರಿಸಲಿ. ಆದರೆ ಆ ಸಾಲು ಮೊದಲ ದಿನವೇ ಇರಬೇಕು, ಪ್ರವಾಸ ನಿಂತ ಮೇಲೆ ಬರೆದರೆ ಯಾರೂ ನಂಬುವುದಿಲ್ಲ. ನನಗೆ ಪರಿಚಯದ ಒಬ್ಬ ಶಿಕ್ಷಕರು ಮೂರು ಲಕ್ಷ ತಮ್ಮ ಖಾತೆಯಲ್ಲಿ ಇಟ್ಟುಕೊಂಡಿದ್ದರು. ಪ್ರವಾಸ ರದ್ದಾಯಿತು. ಪೈಸೆ ಪೈಸೆ ವಾಪಸ್ ಕೊಟ್ಟರು. ಆದರೂ ಚಹಾದ ಅಂಗಡಿಯ ಮಾತು ನಿಲ್ಲಲಿಲ್ಲ, ಕೊನೆಗೆ ವರ್ಗಾವಣೆ ಕೇಳಿ ಹೋದರು. ರಸೀದಿ ಪುಸ್ತಕ ಇದ್ದಿದ್ದರೆ ಅವರು ಇನ್ನೂ ಅದೇ ಊರಿನಲ್ಲಿ ಇರುತ್ತಿದ್ದರು ಅನ್ನಿಸುತ್ತದೆ.

ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ನಾವೆಲ್ಲ 80ಜಿ ಅನ್ನುವ ಆ ರಿಯಾಯಿತಿ, ಅದಕ್ಕಾಗಿ ನೋಂದಣಿ ಮಾಡಿಸಿದ ಸಂಸ್ಥೆಯ ರಸೀದಿಗೆ ಮಾತ್ರ. ಅಲ್ಲಿಯೂ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ.

ಲಕ್ಕಿ ಡ್ರಾ ಬಗ್ಗೆ ಹೇಳುತ್ತೇನೆ. ಕೂಪನ್ ಮಾರಿ ಚೀಟಿ ಎತ್ತಿ ಬೈಕ್ ಕೊಡುವುದು ಕಾನೂನಿನ ಕಣ್ಣಲ್ಲಿ ಲಾಟರಿಯೇ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ಊರೂರಲ್ಲಿ ನಡೆಯುತ್ತಿದೆಯಲ್ಲ ಅನ್ನಬಹುದು. ನಡೆಯುತ್ತಿರಬಹುದು, ಆದರೆ ಶಾಲೆಯ ಹೆಸರಲ್ಲಿ ನಡೆದು ದೂರು ಹೋದರೆ ನಿಮ್ಮ ಅನುಮತಿಯ ಕಡತವೂ ಅಲ್ಲೇ ನಿಲ್ಲುತ್ತದೆ. ಅದನ್ನು ಪೂರ್ತಿ ಬಿಟ್ಟುಬಿಡಿ.

ಅಮೆರಿಕದ ಹಳೆ ವಿದ್ಯಾರ್ಥಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಹತ್ತಿರ ಇರುವುದು ಯಾವ ದೇಶದ ಪಾಸ್‌ಪೋರ್ಟ್? ಇನ್ನೂ ಭಾರತದ ಪ್ರಜೆಯಾಗಿದ್ದರೆ, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅದನ್ನು ತೆಗೆದುಕೊಳ್ಳುವಂತಿಲ್ಲ. ನೋಂದಣಿ ಇರುವ ಟ್ರಸ್ಟಿಗೆ ಹಾಕಿಸಿ ಅಲ್ಲಿಂದ ಪಡೆಯೋಣ ಅಂದರೆ, 2020ರ ತಿದ್ದುಪಡಿಯ ನಂತರ ಆ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡುವಂತಿಲ್ಲ. ಊರಲ್ಲಿರುವ ಅಣ್ಣನ ಖಾತೆಗೆ ಹಾಕಿ ಅವರಿಂದ ಕೊಡಿಸುವ ಅಡ್ಡದಾರಿಯೂ ಬೇಡ. ಅಂಥವರಿಂದ ಹಣಕ್ಕಿಂತ ಬೆಲೆಯ ಸಹಾಯ ಕೇಳಬಹುದು. ವಾರಕ್ಕೊಂದು ಸಂಜೆ ವಿಡಿಯೋ ಕರೆಯಲ್ಲಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಲಿ. ಮಕ್ಕಳಿಗೆ ಅಲ್ಲಿ ನಿಂತಾಗ ಬೇಕಾಗುವುದು ಅದೇ.

ಸಿಎಸ್‌ಆರ್ ವಿಷಯದಲ್ಲಿ ಬಹಳ ಶಾಲೆಗಳು ತಪ್ಪು ಅರ್ಜಿ ಬರೆದು ತಿಂಗಳುಗಟ್ಟಲೆ ಕಾಯುತ್ತವೆ. ತೋರಣಗಲ್ಲಿನಿಂದ ಗಿಣಿಗೇರಿವರೆಗೆ ದೊಡ್ಡ ಕಾರ್ಖಾನೆಗಳಿವೆ, ನಿಮ್ಮೂರಿನವರು ಅಲ್ಲಿ ಕೆಲಸಕ್ಕೂ ಇದ್ದಾರೆ, ನಿಜ. ಆದರೆ ಸಿಎಸ್‌ಆರ್ ನಿಯಮದಲ್ಲಿ ಭಾರತದ ಹೊರಗೆ ನಡೆಯುವ ಚಟುವಟಿಕೆ ಸೇರುವುದಿಲ್ಲ. ರಾಜ್ಯ ಅಥವಾ ದೇಶವನ್ನು ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ ವಿನಾಯಿತಿ. ಹಾಗಾಗಿ "ಸಿಂಗಪುರದ ವಿಮಾನ ಟಿಕೆಟ್ಟಿಗೆ ಹಣ ಕೊಡಿ" ಅಂತ ಬರೆದರೆ ಅಧಿಕಾರಿಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಬದಲಿಗೆ ಇಲ್ಲಿನ ಖರ್ಚು ಕೇಳಿ: ನೀರು ಪರೀಕ್ಷೆಯ ಕಿಟ್, ಫಿಲ್ಟರಿನ ಸಾಮಾನು, ಪ್ರಯೋಗಾಲಯ ಪರೀಕ್ಷೆಯ ಶುಲ್ಕ, ಒಂದು ಲ್ಯಾಪ್‌ಟಾಪ್. ಆ ಖರ್ಚು ನಿಮ್ಮ ತಲೆಯಿಂದ ಇಳಿದರೆ ದೇಣಿಗೆಯ ಹಣ ಪೂರ್ತಿ ಪ್ರಯಾಣಕ್ಕೆ ಉಳಿಯುತ್ತದೆ. ಸಂಸದರ ನಿಧಿಯ ಹಿಂದೆಯೂ ಓಡಾಡಬೇಡಿ. ಅದು ಕಟ್ಟಡ, ನೀರಿನ ಘಟಕದಂಥ ಉಳಿಯುವ ಆಸ್ತಿಗಳಿಗೆ ಇರುವುದು.

ಹಾಗಾದರೆ ಹಣ ಎಲ್ಲಿಂದ? ನನ್ನ ಅನುಭವದಲ್ಲಿ ಮಕ್ಕಳ ಕೆಲಸವನ್ನೇ ಜನರ ಮುಂದೆ ಇಟ್ಟಾಗ ಜನ ಮನಸಾರೆ ಕೊಡುತ್ತಾರೆ. ನಿಮ್ಮ ಮಕ್ಕಳ ಕೈಯಲ್ಲಿ ನಮ್ಮ ಭಾಗದ ಪ್ರತಿ ಮನೆಗೂ ಮುಟ್ಟುವ ವಿಷಯ ಇದೆ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಅದು ಮೀರಿದ ನೀರು ಕುಡಿದು ಹಲ್ಲು ಕಂದಾದ ಮಕ್ಕಳು, ಮೊಣಕಾಲು ಮಡಚಲಾರದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ. ಮಠದವರ ಅನುಮತಿ ಪಡೆದು ಒಂದು ಮೇಜು ಹಾಕಿ. "ನಿಮ್ಮ ಬೋರ್‌ವೆಲ್ ನೀರು ತನ್ನಿ, ಫ್ಲೋರೈಡ್ ನೋಡಿ ಹೇಳುತ್ತೇವೆ" ಅಂತ ಮೊದಲೇ ಹಳ್ಳಿಗಳಿಗೆ ತಿಳಿಸಿ. ಬಾಟಲಿ ಹಿಡಿದು ಬಂದ ಅಜ್ಜನ ಎದುರೇ ಹುಡುಗಿ ಪರೀಕ್ಷಾ ನಳಿಕೆಗೆ ನೀರು ಹಾಕಿ, ಹನಿ ಬಿಟ್ಟು, ಬಣ್ಣವನ್ನು ಪಟ್ಟಿಗೆ ಹಿಡಿದು ತೋರಿಸಲಿ. ಅಜ್ಜನಿಗೆ ಆಗ ವಿಷಯ ತಿಳಿಯುತ್ತದೆ. ಪಕ್ಕದಲ್ಲಿ ಎಸ್‌ಡಿಎಂಸಿ ಸದಸ್ಯರೊಬ್ಬರು ರಸೀದಿ ಪುಸ್ತಕ ಹಿಡಿದು ಕೂತಿರಲಿ. ಕೊಟ್ಟವರು ಕೊಡಲಿ, ಪರೀಕ್ಷೆ ಎಲ್ಲರಿಗೂ ಉಚಿತ. ಕಿಟ್ ಹೇಳಿದ್ದೇ ಕೊನೆಯ ಮಾತಲ್ಲ, ಜಾಸ್ತಿ ಬಂದರೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ ಅಂತ ಮಕ್ಕಳೇ ಹೇಳುವುದನ್ನು ಕಲಿಸಿ. ಮೂರು ದಿನ ಹೀಗೆ ಮಾತಾಡಿದ ಮಕ್ಕಳು ಸಿಂಗಪುರದಲ್ಲಿ ಯಾವ ತೀರ್ಪುಗಾರರ ಮುಂದೆಯೂ ತಡವರಿಸುವುದಿಲ್ಲ.

ಮಿರ್ಚಿ-ಮಂಡಾಳು ಅಂಗಡಿ ಹಾಕಿದರೂ ವ್ಯಾಪಾರ ಚೆನ್ನಾಗಿ ಆಗುತ್ತದೆ. ಆದರೆ ತಾತ್ಕಾಲಿಕ ಅಂಗಡಿಗೂ ಆಹಾರ ಸುರಕ್ಷತಾ ನೋಂದಣಿ ಬೇಕು. ಎಣ್ಣೆ ಬಾಣಲೆ ಹತ್ತಿರ ಪೋಷಕರು ನಿಲ್ಲಲಿ, ಮಕ್ಕಳಲ್ಲ. ಮಕ್ಕಳ ಕೈಗೆ ಡಬ್ಬಿ ಕೊಟ್ಟು ಬಸ್‌ಸ್ಟ್ಯಾಂಡಿಗೆ ಮಾತ್ರ ಕಳಿಸಬೇಡಿ. ಒಂಬತ್ತನೇ ತರಗತಿಯ ಮಗುವಿಗೆ ಅದು ಆಳವಾಗಿ ನೋಯುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. "ಪ್ರತಿ ಮನೆಯವರು ಇಪ್ಪತ್ತು ಸಾವಿರ ಹಾಕಿ" ಅನ್ನುವ ಲೆಕ್ಕವೂ ಬೇಡ. ಒಬ್ಬ ತಂದೆ ಸಾಲ ತರುತ್ತಾನೆ, ಇನ್ನೊಬ್ಬ ಮಗಳನ್ನು ಹಿಂದಕ್ಕೆ ಕರೆಯುತ್ತಾನೆ.

ಏಜೆಂಟ್ ಹೇಳಿದ 78,000ದಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಟಿಕೆಟ್, ವಸತಿ, ಊಟ, ವಿಮೆ, ವೀಸಾ, ಅಲ್ಲಿನ ಓಡಾಟ, ಸುತ್ತಾಟ. ಸುತ್ತಾಟ ತೆಗೆದರೆ ಮೊತ್ತ ಇಳಿಯುತ್ತದೆ. ಹೊರದೇಶದ ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರ ಹೆಸರಿಗೇ ಅದು ಹೋಗುತ್ತದೆ. ನಿಮ್ಮ ಪ್ಯಾನ್ ಕೊಟ್ಟರೆ ಐದೂವರೆ ಲಕ್ಷದ ಪ್ರವಾಸ ನಿಮ್ಮ ಲೆಕ್ಕದಲ್ಲಿ ಕಾಣುತ್ತದೆ, ವಾಪಸ್ ಬರುವ ತೆರಿಗೆಯೂ ನಿಮ್ಮ ಖಾತೆಗೇ ಬರುತ್ತದೆ. ಬರೀ ವಿಮಾನ ಟಿಕೆಟ್ ಕೊಂಡರೆ ಅದು ಪ್ಯಾಕೇಜ್ ಆಗುವುದಿಲ್ಲ. ನಿಮ್ಮಂಥ ಸಣ್ಣ ಗುಂಪಿಗೆ ಟಿಕೆಟ್ ಬೇರೆ, ವಸತಿ ಬೇರೆ ಮಾಡಿಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. ಬೆಂಗಳೂರು, ಹೈದರಾಬಾದ್ ಎರಡೂ ಕಡೆಯಿಂದ ಸಿಂಗಪುರಕ್ಕೆ ನೇರ ವಿಮಾನ ಇದೆ, ಎರಡರ ದರವನ್ನೂ ನೋಡಿ.

ವೀಸಾ ಅಧಿಕೃತ ಏಜೆಂಟರ ಮೂಲಕವೇ ಆಗಬೇಕು. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಇಲ್ಲ. ಪ್ರತಿ ಪೋಷಕರ ಖಾತೆಯಲ್ಲೂ ಲಕ್ಷಗಟ್ಟಲೆ ಇರಬೇಕು ಅನ್ನುವ ಮಾತು ನಂಬಬೇಡಿ. ಖರ್ಚು ಹೊರುವವರು ಯಾರು ಅಂತ ಶಾಲೆಯ ಪತ್ರ ಮತ್ತು ಖಾತೆಯಲ್ಲಿ ಸ್ಪಷ್ಟವಾಗಿ ಕಾಣಬೇಕು. "ನಾಲ್ಕು ದಿನಕ್ಕೆ ಹಣ ಹಾಕಿ ತೆಗೆಯೋಣ" ಅನ್ನುವ ಏಜೆಂಟ್ ಸಿಕ್ಕರೆ ಅವರನ್ನು ಬಿಡಿ. ವಾಪಸ್ ಬಾರದ ಯಾವ ಹಣವನ್ನೂ ಏಳು ಪಾಸ್‌ಪೋರ್ಟ್ ಮತ್ತು ಇಲಾಖೆಯ ಆದೇಶ ಕೈಗೆ ಬರುವ ಮೊದಲು ಕಟ್ಟಬೇಡಿ. ಫಿಲ್ಟರಿನೊಳಗೆ ಬೂದಿಯೋ ಇದ್ದಿಲ ಪುಡಿಯೋ ಇದ್ದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪ್ರಶ್ನೆ ಬರುತ್ತದೆ. ಅದನ್ನು ದೊಡ್ಡ ಲಗೇಜಿನಲ್ಲಿ ಇಟ್ಟು, ಒಳಗೆ ಏನಿದೆ ಅಂತ ಶಾಲೆಯ ಪತ್ರ ಜೊತೆಗಿಡಿ. ಮಣ್ಣು, ಬೀಜ, ಗಿಡದ ಭಾಗ ಒಯ್ಯಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. "ಏನೂ ಆಗಲ್ಲ ಬಿಡ್ರಿ" ಅಂತ ಹೇಳಿ ಕಳಿಸಬೇಡಿ. ಅವರ ಮನೆಗೆ ಹೋಗಿ ಕೂತು ಒಂದೊಂದಾಗಿ ಹೇಳಿ. ಹೋಗುವ ಟಿಕೆಟ್ ಜೊತೆಗೇ ಬರುವ ಟಿಕೆಟ್ ಇರುತ್ತದೆ, ಅದರ ಪ್ರತಿ ನಿಮ್ಮ ಮನೆಯಲ್ಲೇ ಇರುತ್ತದೆ. ರಾತ್ರಿ ನಿಮ್ಮ ಮಗಳು ಯಾರ ಜೊತೆ, ಯಾವ ಕೋಣೆಯಲ್ಲಿ. ಪಾಸ್‌ಪೋರ್ಟ್ ಯಾರ ಹತ್ತಿರ. ಜ್ವರ ಬಂದರೆ ಯಾವ ವಿಮೆ. ದಿನಾ ಸಂಜೆ ಎಷ್ಟು ಗಂಟೆಗೆ ಫೋನ್ ಬರುತ್ತದೆ. ಅಲ್ಲಿ ಭಾರತದ ಹೈಕಮಿಷನ್ ಕಚೇರಿ ಇದೆ ಅಂತಲೂ ತಿಳಿಸಿ. ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ. ಅವರಿಗೆ ಓದಲು ಬರದಿದ್ದರೆ ಮಗಳೇ ಓದಿ ಹೇಳಲಿ. ಮೂರು ಹುಡುಗಿಯರು ಹೋಗುವುದರಿಂದ ನೀವು ಹೋಗಲೇಬೇಕು. ನಿಮಗೆ ಆಗದಿದ್ದರೆ ಇನ್ನೊಬ್ಬ ಶಿಕ್ಷಕಿ ಬೇಕು.

ಅದಕ್ಕೂ ಮೊದಲು ಒಂದು ಸಣ್ಣ ಪ್ರಯಾಣ ಮಾಡಿ. ಮನೆ ಬಿಟ್ಟು ಒಂದು ರಾತ್ರಿಯೂ ಇರದ ಮಕ್ಕಳು ಇವರು. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ತೋರಿಸಿ, ಒಂದು ರಾತ್ರಿ ಉಳಿದು ಬನ್ನಿ. ಯಾರಿಗೆ ಪ್ರಯಾಣದಲ್ಲಿ ವಾಂತಿ ಬರುತ್ತದೆ, ಯಾರು ಹಸಿದರೂ ಬಾಯಿ ಬಿಡುವುದಿಲ್ಲ, ಮುಟ್ಟಾದಾಗ ಯಾರು ನಾಚಿಕೊಂಡು ಸುಮ್ನೆ ಇರುತ್ತಾರೆ, ಎಲ್ಲ ಅಲ್ಲೇ ನಿಮಗೆ ಗೊತ್ತಾಗುತ್ತದೆ. ಮಗಳು ನಗುತ್ತಾ ಮನೆಗೆ ಬಂದದ್ದನ್ನು ಆ ತಾಯಿಯೂ ಒಮ್ಮೆ ಕಣ್ಣಾರೆ ನೋಡಿರುತ್ತಾರೆ.

ಕೊನೆಗೆ ನಿಮ್ಮ ಮುಂದೆ ಮೂರು ದಾರಿ ಉಳಿಯುತ್ತವೆ. ಒಂದು, ಈ ಮೇ ತಿಂಗಳಲ್ಲೇ ಹೋಗುವುದು. ಹಾಗಾದರೆ ಫೆಬ್ರವರಿ 15ರಂಥ ಒಂದು ಗಡುವನ್ನು ಈಗಲೇ ನಡಾವಳಿಯಲ್ಲಿ ಬರೆಸಿ. ಅಷ್ಟರಲ್ಲಿ ಐದೂ ಮಕ್ಕಳ ಪಾಸ್‌ಪೋರ್ಟ್, ಇಲಾಖೆಯ ಆದೇಶ, ಮುಕ್ಕಾಲು ಪಾಲು ಹಣ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಈ ಸಲ ಬೇಡ. ನಾಲ್ವರನ್ನು ಕರೆದುಕೊಂಡು ಹೋಗಿ ಒಬ್ಬರನ್ನು ಬಿಡುವ ಮಾತು ನಾನು ಒಪ್ಪುವುದಿಲ್ಲ. ಎರಡು, ಒಂದು ವರ್ಷ ಮುಂದಕ್ಕೆ ಹಾಕುವುದು. ಕಾಗದಕ್ಕೆ ಸಮಯ ಸಿಗುತ್ತದೆ, ಆದರೆ ಮಕ್ಕಳು ಆಗ ಎಸ್ಸೆಸ್ಸೆಲ್ಸಿ ಮುಗಿಸಿ ಬೇರೆ ಬೇರೆ ಕಾಲೇಜಿಗೆ ಹೊರಟಿರುತ್ತಾರೆ, ಗುಂಪು ಒಡೆಯಬಹುದು. ಮೂರು, ಇದೇ ಫಿಲ್ಟರನ್ನು ಇನ್‌ಸ್ಪೈರ್ ಮಾನಕ್ ಮತ್ತು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಕಳಿಸುವುದು. ಇದರಲ್ಲಿ ಖರ್ಚು ಕಡಿಮೆ, ಆದರೆ ಗೆಲ್ಲುವ ಖಾತ್ರಿ ಇಲ್ಲ. ಮೇಳದವರ ಉತ್ತರ ತೃಪ್ತಿ ಕೊಟ್ಟರೆ ಮೊದಲನೆಯದನ್ನು ಮಾಡಿ, ಜೊತೆಗೆ ಮೂರನೆಯದನ್ನೂ ಬಿಡಬೇಡಿ. ತೃಪ್ತಿ ಆಗದಿದ್ದರೆ ಮೂರನೆಯದೇ ನನ್ನ ಸಲಹೆ.

ಈ ಸೋಮವಾರ ಒಂದು ಕೆಲಸ ಮಾಡಿ. ಐದು ಮಕ್ಕಳ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ಪುಸ್ತಕ ಒಂದೇ ಮೇಜಿನ ಮೇಲೆ ಇಡಿ. ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಖು, ಈ ನಾಲ್ಕನ್ನು ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸಿ. ಎಲ್ಲೆಲ್ಲಿ ಹೊಂದುವುದಿಲ್ಲ ಅಂತ ಪಟ್ಟಿ ಮಾಡಿ ನನಗೆ ಬರೆಯಿರಿ. ಮೊದಲು ಯಾವುದನ್ನು ತಿದ್ದಿಸಬೇಕು ಅಂತ ಪಟ್ಟಿ ನೋಡಿ ಹೇಳುತ್ತೇನೆ.